ಊರೊಳಗಿನ ಗುಟ್ಟು ಮತ್ತು ಪತ್ತೇದಾರಿ ಕಥೆ

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವುದು ನಮ್ಮ ಸಾಹಿತ್ಯವಲಯದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹಾಗೆ ಮೂಗು ಮುರಿದವರಲ್ಲಿ ಅನೇಕರು ಮನೆಯವರೆಲ್ಲ ಮಲಗಿದ ಮೇಲೆ ದೀಪದಡಿಯಲ್ಲಿ ಅದನ್ನೇ ಓದುತ್ತಿದ್ದರೆಂಬುದು ಬೇರೆ ಮಾತು. ನಾಲ್ಕು ದಶಕಗಳ ಕಾಲ ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದ ನಾನು ಈ ಗುಪ್ತ ಓದುಗರ ಗುಂಪಿಗೆ ಸೇರಿದವನು. ನಿವೃತ್ತನಾದ ಬಳಿಕ ಗುಟ್ಟೇನೂ ಉಳಿದಿಲ್ಲ, ಹಗಲಲ್ಲೇ ಓದುತ್ತೇನೆ.

ನಮ್ಮ ಕಾಲದ ಬಾಡಿಗೆ ಪುಸ್ತಕದಂಗಡಿಗಳನ್ನು ಆಳಿದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಈ ಮನುಷ್ಯ 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಕನ್ನಡ ಓದುವುದನ್ನೇ ಎಷ್ಟೋ ಜನ ಅವರಿಂದ ರೂಢಿಸಿಕೊಂಡರು. ಅವರ ಪತ್ತೇದಾರ ಪುರುಷೋತ್ತಮ ಪಟ್ಟಣದ ಮನುಷ್ಯ. ಕತ್ತಲೆಯ ಬೀದಿ, ಬಂಗಲೆ, ವೇಗವಾಗಿ ಹಾದುಹೋಗುವ ಕಾರು, ಇವು ಅವನ ಲೋಕ. ಆ ಕಾದಂಬರಿಗಳನ್ನು ನಾವು ಕುತೂಹಲದಿಂದ ಓದಿದೆವು, ಓದಿ ಹಿಂದಿರುಗಿಸಿದೆವು. ಆದರೆ ಕುಂದಾಪುರದ ಮಳೆಗಾಲದಲ್ಲಿ ಕುಳಿತು, ಕಂಡರಿಯದ ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ನಡೆದ ಕೊಲೆಯ ಕಥೆಯನ್ನು ಓದಿದಾಗ, ಇದು ನಮ್ಮೂರಿನ ಸಂಗತಿಯೇ ಅನ್ನಿಸಿದ್ದುಂಟು. ಅಲ್ಲಿನ ಪಾದ್ರಿ, ಚಹಾಕೂಟ, ಗುಲಾಬಿ ತೋಟ ಯಾವುದೂ ನಮಗೆ ಸೇರಿದ್ದಲ್ಲ. ಆದರೂ ಆ ಆಪ್ತತೆ ಎಲ್ಲಿಂದ ಬಂತು ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಹಳ್ಳಿಯ ಪತ್ತೇದಾರಿ ಕಥೆಯೆಂದೊಡನೆ ನೆನಪಾಗುವುದು ಅಗಾಥಾ ಕ್ರಿಸ್ಟಿ. ಆಕೆಯ ಮಿಸ್ ಮಾರ್ಪಲ್ ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಅವಿವಾಹಿತ ವೃದ್ಧೆ. 1930ರಲ್ಲಿ ಬಂದ 'ದ ಮರ್ಡರ್ ಅಟ್ ದ ವಿಕರೇಜ್' ಅವಳ ಮೊದಲ ಕಾದಂಬರಿ. ಅವಳ ಬಳಿ ಭೂತಗನ್ನಡಿಯಿಲ್ಲ, ಪ್ರಯೋಗಶಾಲೆಯಿಲ್ಲ. ಕೈಯಲ್ಲಿ ಉಣ್ಣೆಯ ನೇಯ್ಗೆ, ತಲೆಯಲ್ಲಿ ಊರಿನ ಐವತ್ತು ವರ್ಷಗಳ ಸಮಾಚಾರ. ದೊಡ್ಡ ಮನೆಯಲ್ಲಿ ಕೊಲೆಯಾದರೆ ಅವಳಿಗೆ ಹಿಂದೊಮ್ಮೆ ಸುಳ್ಳು ಹೇಳಿದ ಅಂಗಡಿ ಹುಡುಗನ ಮುಖ ನೆನಪಾಗುತ್ತದೆ. ಆ ಹೋಲಿಕೆಯ ಎಳೆ ಹಿಡಿದು ಅಪರಾಧಿಯವರೆಗೆ ನಡೆಯುತ್ತಾಳೆ. ಇವಳಿಗೂ ಮೊದಲು, 1926ರ 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಕಾದಂಬರಿಯಲ್ಲಿ, ಊರ ವೈದ್ಯನ ಅಕ್ಕ ಕ್ಯಾರೋಲಿನ್ ಎಂಬುವಳು ಬರುತ್ತಾಳೆ. ಸುದ್ದಿ ಹುಡುಕಿಕೊಂಡು ಆಕೆ ಊರೆಲ್ಲ ಅಲೆಯಬೇಕಿಲ್ಲ. ಆದರೂ ಹಾಲಿನವನು, ಕೆಲಸದ ಹುಡುಗಿ, ಅಂಗಡಿಯ ಆಳು ಇವರ ಮೂಲಕ ಊರಿನ ಸಮಸ್ತವೂ ಅವಳ ಅಡುಗೆಮನೆಗೆ ಬಂದು ಸೇರುತ್ತದೆ. ಮಿಸ್ ಮಾರ್ಪಲ್ ಹುಟ್ಟಿದ್ದು ಬಹುಶಃ ಈ ಕ್ಯಾರೋಲಿನ್‌ಳಿಂದಲೇ ಎಂದು ಕ್ರಿಸ್ಟಿ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ.

ಹಳ್ಳಿಯೇ ಏಕೆ ಬೇಕು ಎಂಬ ಪ್ರಶ್ನೆಗೆ ವಿಮರ್ಶಕರು ಕೊಡುವ ಉತ್ತರ ಪರಿಚಿತವಾದದ್ದು. ಕವಿ ಡಬ್ಲ್ಯೂ. ಎಚ್. ಆಡೆನ್ ಸ್ವತಃ ಪತ್ತೇದಾರಿ ಕಥೆಗಳ ಚಟವುಳ್ಳವನು. ಅವನು 1948ರಲ್ಲಿ ಬರೆದ 'ದ ಗಿಲ್ಟಿ ವಿಕರೇಜ್' ಎಂಬ ಪ್ರಬಂಧದಲ್ಲಿ ಇಂಥ ಕಥೆಗೆ ಮುಚ್ಚಿದ ಸಮಾಜವೊಂದು ಬೇಕು ಎನ್ನುತ್ತಾನೆ: ಹೊರಗಿನವನು ಬಂದು ಕೊಂದುಹೋದನೆನ್ನುವ ಅವಕಾಶವಿರಬಾರದು, ಒಳಗಿನವರೆಲ್ಲರ ಮೇಲೂ ಸಂಶಯ ಬೀಳಬೇಕು. ಮಾತು ಸರಿ. ಆದರೆ ಮುಚ್ಚಿದ ಜಾಗವಷ್ಟೇ ಬೇಕಿದ್ದರೆ ಹಿಮದಲ್ಲಿ ಸಿಕ್ಕಿಬಿದ್ದ ರೈಲುಗಾಡಿಯೂ ಆದೀತು, ನದಿಯ ನಡುವಿನ ಹಡಗೂ ಆದೀತು. ಕ್ರಿಸ್ಟಿ ಅವೆರಡನ್ನೂ ಬಳಸಿದ್ದಾಳೆ. ರೈಲಿನ ಪ್ರಯಾಣಿಕರು ಒಬ್ಬರಿಗೊಬ್ಬರು ಅಪರಿಚಿತರು, ಅಥವಾ ಅಪರಿಚಿತರಂತೆ ತೋರುವವರು. ಪತ್ತೇದಾರನಿಗೆ ಅಲ್ಲಿ ಎಲ್ಲವೂ ಮೊದಲಿನಿಂದ ಆರಂಭವಾಗಬೇಕು. ಹಳ್ಳಿಯಲ್ಲಾದರೋ ಕಥೆ ಆರಂಭವಾಗುವ ಮೊದಲೇ ಊರಿಗೆ ಅರ್ಧ ಉತ್ತರ ಗೊತ್ತಿರುತ್ತದೆ. ಗೊತ್ತಿದ್ದೂ ಯಾರೂ ಅದನ್ನು ಆಡಿರುವುದಿಲ್ಲ. ನನಗೆ ತೋರುವಂತೆ ಹಳ್ಳಿಯ ಪತ್ತೇದಾರಿ ಕಥೆಯ ಆಕರ್ಷಣೆ ಇರುವುದು ಬಲ್ಲುದಕ್ಕೂ ಆಡುವುದಕ್ಕೂ ನಡುವಿನ ಈ ಅಂತರದಲ್ಲಿ.

ಇದನ್ನು ವಿವರಿಸಲು ನಮ್ಮ ಕಡೆಗೇ ಬರುತ್ತೇನೆ. ಈಗ ಮೂರು ತಾಲೂಕುಗಳಾಗಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿ ಬಯಲುಸೀಮೆಯ ಹಳ್ಳಿಯಂತಲ್ಲ. ಅಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ನಡುವೆ ಓಣಿ, ಊರಿಗೊಂದು ಅಗಸೆ, ಕಟ್ಟೆ. ಇಲ್ಲಿ ಒಂದೊಂದು ಮನೆಯೂ ತನ್ನ ಗದ್ದೆ, ತೋಟ, ಹಾಡಿಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ನೆರೆಮನೆಯೆಂದರೆ ಗದ್ದೆಯಾಚೆ ತೆಂಗಿನ ಮರಗಳ ಸಂದಿನಲ್ಲಿ ಕಾಣುವ ಹೊಗೆ. 1892ರ 'ದ ಕಾಪರ್ ಬೀಚಸ್' ಎಂಬ ಕಥೆಯಲ್ಲಿ ಷರ್ಲಾಕ್ ಹೋಮ್ಸ್ ರೈಲಿನ ಕಿಟಕಿಯಿಂದ ಇಂಥದೇ ಚದುರಿದ ಮನೆಗಳನ್ನು ನೋಡಿ ಗೆಳೆಯನಿಗೆ ಹೇಳುತ್ತಾನೆ: ಲಂಡನ್ನಿನ ಕೊಳಕು ಗಲ್ಲಿಗಿಂತ ಈ ಚೆಂದದ ಹಳ್ಳಿಗಾಡು ಹೆಚ್ಚು ಭಯಂಕರ, ಏಕೆಂದರೆ ಇಲ್ಲಿ ಕೂಗಿದರೆ ಕೇಳುವವರಿಲ್ಲ.

ಹೋಮ್ಸ್ ಮಹಾಶಯ ನಮ್ಮ ಗದ್ದೆಯಂಚಿನಲ್ಲಿ ನಡೆದವನಲ್ಲ. ನಮ್ಮಲ್ಲಿ ಮನೆಗಳು ದೂರ, ದಾರಿಗಳು ಹತ್ತಿರ. ಒಬ್ಬರ ಅಂಗಳ ದಾಟದೆ ಇನ್ನೊಬ್ಬರ ಮನೆಗೆ ಹೋಗುವಂತಿರಲಿಲ್ಲ. ತೋಡಿನ ಸಂಕ ದಾಟಿ ಬರುವವನನ್ನು ಜಗಲಿಯಲ್ಲಿ ಕುಳಿತವರು ದೂರದಿಂದಲೇ ನಡಿಗೆಯ ಮೇಲೆ ಗುರುತಿಸುತ್ತಿದ್ದರು. "ಹ್ವಾಯ್, ಯಾರ್ ಮನಿಗ್ ಹೊರ್ಟದ್ದ್?" ಎಂಬ ಪ್ರಶ್ನೆ ಉಪಚಾರವೂ ಹೌದು, ವಿಚಾರಣೆಯೂ ಹೌದು, ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಗಂಗೊಳ್ಳಿಯಿಂದಲೋ ಕೋಡಿಯಿಂದಲೋ ಬುಟ್ಟಿ ಹೊತ್ತು ಬರುತ್ತಿದ್ದ ಮೀನಿನ ಹೆಂಗಸು, ಮದ್ದಿನ ಪುಡಿ ತರುವ ಪಂಡಿತರು, ಮೂರು ಊರು ತಿರುಗುವ ಪುರೋಹಿತರು, ಬೀಡಿ ಎಲೆ ಕೊಂಡೊಯ್ಯಲು ಬ್ರಾಂಚಿಗೆ ಹೋಗುವ ಹುಡುಗಿಯರು, ಇವರೆಲ್ಲ ಕ್ಯಾರೋಲಿನ್‌ಳ ಹಾಲಿನವನ ಬಂಧುಗಳೇ. ಯಾರ ಮನೆಯಲ್ಲಿ ಇಂದು ಒಲೆ ತಡವಾಗಿ ಹೊತ್ತಿತು, ಯಾರ ಮಗ ಮುಂಬಯಿಯಿಂದ ಪೆಟ್ಟಿಗೆಯಿಲ್ಲದೆ ಹಿಂದಿರುಗಿದ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತಿತ್ತು.

ತಿಳಿದದ್ದನ್ನು ಸಾಗಿಸುವುದಕ್ಕೆ ನಮ್ಮ ಕುಂದಾಪುರದ ಕನ್ನಡದಲ್ಲಿ ಒಂದು ಅದ್ಭುತ ಸಾಧನವಿದೆ: 'ಅಂಬ್ರ್'. 'ಎಂಬರು' ಎಂಬ ಹಳೆಯ ರೂಪ ನಮ್ಮ ಬಾಯಲ್ಲಿ ಹೀಗೆ ಉಳಿದುಕೊಂಡಿದೆ. ಹಳಗನ್ನಡವನ್ನು ಪಾಠ ಮಾಡುವಾಗ ನಮ್ಮ ಕಡೆಯ ಮಕ್ಕಳಿಗೆ ಇದನ್ನು ತೋರಿಸಿದರೆ ಕಣ್ಣರಳಿಸುತ್ತಿದ್ದರು. ವಾಕ್ಯದ ಕೊನೆಗೆ 'ಅಂಬ್ರ್' ಸೇರಿಸಿದರೆ ಸಾಕು, ಸುದ್ದಿ ತಲುಪುತ್ತದೆ, ಹೇಳಿದವನು ಮಾತ್ರ ಮಾಯವಾಗುತ್ತಾನೆ. ಯಾರು ಎನ್ನುತ್ತಾರೆ? ಯಾರೋ ಎನ್ನುತ್ತಾರೆ. ನ್ಯಾಯಾಲಯ ಇಂಥ ಸಾಕ್ಷ್ಯವನ್ನು ಒಪ್ಪದು. ಆದರೆ ಊರು ನಡೆಯುತ್ತಿದ್ದುದೇ ಈ ಸಾಕ್ಷ್ಯದ ಮೇಲೆ.

ನಾನು ಚಿಕ್ಕವನಾಗಿದ್ದಾಗ ನೆರೆಮನೆಯ ಮದುವೆಯ ಗದ್ದಲದಲ್ಲಿ ಎರಡೆಳೆಯ ಚಿನ್ನದ ಸರವೊಂದು ಕಾಣೆಯಾಯಿತು. ಪೊಲೀಸರಿಗೆ ಹೇಳುವ ಮಾತೇ ಬರಲಿಲ್ಲ. ನಮ್ಮ ಅಜ್ಜಿ ಜಗಲಿಯಲ್ಲಿ ಅಡಕೆ ಕತ್ತರಿಸುತ್ತ ಎರಡು ದಿನ ಸುಮ್ಮನೆ ದಾರಿ ನೋಡಿದರು. ಪ್ರತಿದಿನ ನಮ್ಮ ಅಂಗಳ ಹಾಯ್ದು ಹೋಗುತ್ತಿದ್ದ ಹೆಂಗಸೊಬ್ಬಳು ಆ ಎರಡು ದಿನ ಹಾಡಿಯ ಸುತ್ತುದಾರಿ ಹಿಡಿದಿದ್ದಳು. ಮೂರನೆಯ ದಿನ ಅಜ್ಜಿ ಬಾವಿಕಟ್ಟೆಯಲ್ಲಿ ನಾಲ್ಕು ಜನ ಇದ್ದಾಗ, ಯಾರ ಮುಖವನ್ನೂ ನೋಡದೆ, "ಮಂಗಳಾರ ದೈವಕ್ಕೆ ಕಾಯಿ ಇಡ್ತ್ರ್ ಅಂಬ್ರ್" ಎಂದರು. ಸೋಮವಾರ ಬೆಳಿಗ್ಗೆ ಸರ ಆ ಮನೆಯ ತುಳಸಿಕಟ್ಟೆಯ ಮೇಲಿತ್ತು. ಕದ್ದವರು ಯಾರೆಂದು ನಾನು ಅಜ್ಜಿಯನ್ನು ಬೆನ್ನು ಹತ್ತಿ ಕೇಳಿದೆ. "ಸಿಕ್ತಲ್ದಾ, ಇನ್ನೆಂತಕೆ ಮಗಾ?" ಎಂದು ಅಡಕೆಯತ್ತ ತಿರುಗಿದರು. ಹಾಡಿಯ ದಾರಿ ಹಿಡಿದಿದ್ದ ಆ ಹೆಂಗಸು ವಾರದೊಳಗೆ ಮತ್ತೆ ನಮ್ಮ ಅಂಗಳದಿಂದಲೇ ಓಡಾಡತೊಡಗಿದಳು. ಅಜ್ಜಿ ಅವಳನ್ನು ಕರೆದು ಕುಳ್ಳಿರಿಸಿ ವೀಳ್ಯ ಕೊಟ್ಟರು.

ಪತ್ತೇದಾರಿಕೆಯ ಎಲ್ಲ ಅಂಗಗಳೂ ಇಲ್ಲಿವೆ: ಸುಳಿವು, ತರ್ಕ, ಅಪರಾಧಿಯನ್ನು ಹೊರತೆಗೆಯುವ ಉಪಾಯ. ಒಂದೇ ಒಂದು ಅಂಗವಿಲ್ಲ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, ಬೆರಳು ತೋರಿಸಿ ಹೆಸರು ಹೇಳುವ ದೃಶ್ಯ ಇಲ್ಲಿಲ್ಲ. ದೈವದ ಮುಂದೆ ದೂರು ಒಯ್ಯುವುದು, ಆಣೆ ಇಡುವುದು, ಅಂಜನ ಹಾಕಿಸುವುದು, ಕಾಯಿ ಇಡುವುದು ಇವೆಲ್ಲ ಹೆಸರು ಹೇಳದೆ ವಸ್ತುವನ್ನು ಹಿಂದಕ್ಕೆ ತರುವ ದಾರಿಗಳಾಗಿದ್ದವು. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಹಾಕಿಕೊಟ್ಟ. ಅತಿಮಾನುಷ ಶಕ್ತಿಗಳಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದು ಅವುಗಳಲ್ಲಿ ಒಂದು. ಪಾದ್ರಿಯೇ ದೇವರನ್ನು ಹೊರಗೆ ನಿಲ್ಲಿಸಿದ ಈ ವಿನೋದವನ್ನು ಗಮನಿಸಬೇಕು. ನಮ್ಮೂರಿನ ತನಿಖೆಯಲ್ಲಾದರೋ ದೈವವೇ ಮುಖ್ಯ ಅಧಿಕಾರಿ. ಆದರೆ ಆ ಅಧಿಕಾರಿಯ ಹೆಸರಿನಲ್ಲಿ ಕೆಲಸ ಮಾಡಿದ್ದು ಅಜ್ಜಿಯ ಕಣ್ಣು.

ಹೆಸರನ್ನು ಏಕೆ ಹೇಳುತ್ತಿರಲಿಲ್ಲ? ಕರುಣೆಯಿಂದ ಮಾತ್ರ ಎಂದು ಹೇಳಿದರೆ ಹಳ್ಳಿಯನ್ನು ಹೊಗಳಿದಂತಾಗುತ್ತದೆ. ನಾನು ಅಷ್ಟು ದೂರ ಹೋಗಲಾರೆ. ಹೆಸರು ಹೇಳಿದವರು ಮರುದಿನವೂ ಅದೇ ಸಂಕ ದಾಟಬೇಕು, ನಾಟಿಗೆ ಅದೇ ಕೈಗಳನ್ನು ಕರೆಯಬೇಕು, ಅದೇ ಜಾತ್ರೆಯಲ್ಲಿ ನಿಲ್ಲಬೇಕು. ಈ ಮೌನದ ಮರೆಯಲ್ಲಿ ಸರಗಳು ಹಿಂದಿರುಗಿದ್ದುಂಟು. ಅದೇ ಮರೆಯಲ್ಲಿ ಹೆಣ್ಣುಮಕ್ಕಳ ಬಾಳು ಹಾಳಾದದ್ದೂ, ದೊಡ್ಡ ಮನೆಯ ಅನ್ಯಾಯ ಮೂರು ತಲೆಮಾರು ಅಡಗಿ ಕುಳಿತದ್ದೂ ಉಂಟು.

ಆ ಮೌನವನ್ನು ಕಾನೂನು ಒಡೆದ ಒಂದು ಸಂದರ್ಭ ನನ್ನ ತಲೆಮಾರಿನವರ ಕಣ್ಣೆದುರಿಗೇ ನಡೆಯಿತು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿಯ ಭೂಮಿಯೆಲ್ಲ ಸರ್ಕಾರದ ವಶವಾಗಿ, ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಬೇಕಾಯಿತು. ಮೂಲಗೇಣಿಗೆ ಕಾಗದವಿತ್ತು, ಚಾಲಗೇಣಿ ಎಷ್ಟೋ ಕಡೆ ಬಾಯಿಮಾತಿನದು. ಇಂಥ ಗದ್ದೆಯನ್ನು ಉಳುತ್ತಿದ್ದವರು ಯಾರು? ಊರಿಗೆಲ್ಲ ಗೊತ್ತು, ಯಾವ ಎತ್ತು, ಯಾವ ನೇಗಿಲು ಎಂಬುದೂ ಗೊತ್ತು. ಆದರೆ ಧನಿಗಳು ಎದುರಿಗೆ ಕುಳಿತಿರುವಾಗ ನೆರೆಯವನು ಎದ್ದುನಿಂತು ಅದನ್ನು ಹೇಳಬೇಕು. 'ಅಂಬ್ರ್' ಅಲ್ಲಿ ನಡೆಯುವುದಿಲ್ಲ. ಹೇಳಿದವರಿದ್ದಾರೆ, ಜ್ವರವೆಂದು ಮಲಗಿದವರಿದ್ದಾರೆ, ಕಂಡಿಲ್ಲವೆಂದವರೂ ಇದ್ದಾರೆ. ಆ ಒಂದು ವಾಕ್ಯದ ಮೇಲೆ ಒಂದು ಕುಟುಂಬದ ಅನ್ನ ನಿಂತಿತ್ತು. ಅದಾದ ಮೇಲೆ ಎಷ್ಟೋ ಮನೆಗಳ ನಡುವೆ ವೀಳ್ಯದ ತಟ್ಟೆ ಓಡಾಡಲಿಲ್ಲ.

ಈಗ ಮತ್ತೆ ಸೇಂಟ್ ಮೇರಿ ಮೀಡಿಗೆ ಹೋಗೋಣ. ಮಿಸ್ ಮಾರ್ಪಲ್ ಹೆಸರು ಹೇಳುತ್ತಾಳೆ, ಅಪರಾಧಿಯನ್ನು ಕರೆದೊಯ್ಯುತ್ತಾರೆ, ಮರುದಿನ ಚಹಾಕೂಟ ಎಂದಿನಂತೆ ನಡೆಯುತ್ತದೆ. ಹಳ್ಳಿಯಲ್ಲಿ ಬದುಕಿದವನಿಗೆ ಇದು ಅಸಾಧ್ಯವೆಂದು ಗೊತ್ತು. ಹಾಗೆ ಗೊತ್ತಿರುವುದರಿಂದಲೇ ಇದು ಇಷ್ಟು ಸವಿಯಾಗಿದೆ. ಬಾವಿಕಟ್ಟೆಯಲ್ಲಿ ನುಂಗಿಕೊಂಡ ಮಾತನ್ನು ಯಾರೋ ಗಟ್ಟಿಯಾಗಿ ಆಡಿದರು, ಆಡಿದ ಮೇಲೂ ಊರು ಒಡೆಯಲಿಲ್ಲ! ಪಟ್ಟಣದ ಓದುಗನಿಗೆ ಇದು ಬರಿಯ ಒಗಟು; ನಮ್ಮಂಥವರಿಗೆ ಎದೆಯ ಮೇಲಿನ ಭಾರವೊಂದು ಇಳಿದಂತೆ.

ಹಾಗಾದರೆ ಇಷ್ಟೆಲ್ಲ ಗುಟ್ಟುಗಳಿರುವ ನಮ್ಮ ಕರಾವಳಿಯಲ್ಲಿ ಮಿಸ್ ಮಾರ್ಪಲ್ ಏಕೆ ಹುಟ್ಟಲಿಲ್ಲ? ಹುಟ್ಟಿದ್ದಾಳೆ, ಬೇರೆ ವೇಷದಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವು ಪಾಠ ಹೇಳುವ 'ಇಂದಿರಾಬಾಯಿ' 1899ರಲ್ಲಿ ಬಂತು. ಬರೆದ ಗುಲ್ವಾಡಿ ವೆಂಕಟರಾಯರ ಹೆಸರಿನಲ್ಲಿರುವ ಗುಲ್ವಾಡಿ ಕುಂದಾಪುರ ತಾಲೂಕಿನ ಹಳ್ಳಿ. ಅವರು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಪೊಲೀಸರೊಬ್ಬರು ಕಾದಂಬರಿ ಬರೆಯಲು ಕುಳಿತರೆ ಕಳ್ಳತನ, ದರೋಡೆಗಳನ್ನು ಬರೆಯಬೇಕಿತ್ತಲ್ಲವೆ? ಅವರು ಬರೆದದ್ದು ಮರ್ಯಾದಸ್ಥರ ಮನೆಯೊಳಗಿನ ಕಪಟವನ್ನು, ಮಡಿಯ ಮರೆಯ ದುರಾಚಾರವನ್ನು, ಅದರ ನಡುವೆ ಸಿಲುಕಿದ ಎಳೆಯ ವಿಧವೆಯನ್ನು. ಊರಿಗೆ ಗೊತ್ತಿದ್ದೂ ಊರು ಆಡದಿದ್ದ ಸಂಗತಿಗಳೇ ಅವು.

ಕೋಟದ ಶಿವರಾಮ ಕಾರಂತರು ಇನ್ನೂ ಮುಂದೆ ಹೋದರು. 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯ ಅಜ್ಜಿ ಮೂಡೂರಿನ ಮನೆಯಲ್ಲಿ ಕುಳಿತೇ ವಸ್ತುವೊಂದನ್ನು ಮುಟ್ಟಿ ಅದರ ಹಿಂದಿನ ಕಥೆ ಹೇಳುತ್ತಾಳೆ. ಜನ ಮುಚ್ಚಿಟ್ಟದ್ದು ಅವಳಿಗೆ ಕಾಣುತ್ತದೆ. ಮಾರ್ಪಲ್‌ಳ ಎದುರು ಇವಳನ್ನು ಕುಳ್ಳಿರಿಸಿದರೆ ಇಬ್ಬರೂ ಒಬ್ಬರನ್ನೊಬ್ಬರು ಬೇಗ ಗುರುತಿಸಿಯಾರು. ಆದರೆ ಮೂಕಜ್ಜಿಯ ಮಾತನ್ನು ಊರು ಮರುಳೆಂದು ಬದಿಗಿಡುತ್ತದೆ. ಸತ್ಯ ಹೇಳಿದವಳನ್ನು ಊರೊಳಗೇ ಉಳಿಸಿಕೊಳ್ಳಲು ಊರು ಕಂಡುಕೊಂಡ ದಾರಿಯದು. ಕುಂದಾಪುರದಲ್ಲೇ ಹುಟ್ಟಿದ ವೈದೇಹಿಯವರ 'ಅಕ್ಕು' ಕಥೆಯಲ್ಲೂ ಮನೆಯವರು ಹುಚ್ಚಿಯೆಂದುಕೊಂಡ ಹೆಂಗಸಿನ ಬಾಯಿಂದಲೇ, ಮರ್ಯಾದಸ್ಥರು ಆಡದ ಮಾತು ಹೊರಬೀಳುತ್ತದೆ.

ಪತ್ತೇದಾರಿಯ ಕಟ್ಟಿಗೆ ಅತ್ಯಂತ ಹತ್ತಿರ ಬಂದದ್ದು, ನನ್ನ ಅಭಿಪ್ರಾಯದಲ್ಲಿ, ಕಾರಂತರ 1960ರ 'ಅಳಿದ ಮೇಲೆ'. ಅದನ್ನು ಹೀಗೆ ಓದುವವರು ವಿರಳವಾದ್ದರಿಂದ ಎರಡು ಮಾತು ಹೆಚ್ಚು ಹೇಳುತ್ತೇನೆ. ಯಶವಂತರಾಯರೆಂಬ ಒಬ್ಬಂಟಿ ಮನುಷ್ಯ ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಹಣವೂ ಕಾಗದಪತ್ರಗಳೂ ಕಥೆ ಹೇಳುವವರ ಕೈಸೇರುತ್ತವೆ. ಅವರು ತಪ್ಪದೆ ಹಣ ಕಳುಹಿಸುತ್ತಿದ್ದ ಕೆಲವರ ವಿಳಾಸಗಳೂ ಸಿಗುತ್ತವೆ. ಇವರೆಲ್ಲ ಯಾರು, ಸತ್ತವರಿಗೆ ಏನಾಗಬೇಕು? ನಿರೂಪಕರು ಊರೂರು ಹೊರಡುತ್ತಾರೆ. ಒಂದು ಮನೆಯಲ್ಲಿ ಯಶವಂತರಾಯರು ದುಷ್ಟರು, ಇನ್ನೊಂದರಲ್ಲಿ ದೇವರಂಥವರು. ಕೊಲೆಯಿಲ್ಲ, ಕಳವಿಲ್ಲ, ಆದರೂ ಸಾಕ್ಷಿಗಳಿದ್ದಾರೆ, ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಓದುಗನು ಮುಂದಿನ ಮನೆಗಾಗಿ ಕಾತರಿಸುತ್ತಾನೆ. ಇಲ್ಲಿ ಪತ್ತೆಯಾಗಬೇಕಾದದ್ದು ಅಪರಾಧಿಯಲ್ಲ, ಸತ್ತ ಮನುಷ್ಯ. ಜನರು ಬಾಯಿಬಿಡುವುದು ಅವನು ಅಳಿದ ಮೇಲೆ ಎಂಬುದನ್ನು ಹೆಸರೇ ಹೇಳುತ್ತಿದೆ.

ಘಟ್ಟದ ಮೇಲಿನ ಪೂರ್ಣಚಂದ್ರ ತೇಜಸ್ವಿಯವರದು ಇನ್ನೊಂದು ಬಗೆ. 1985ರಲ್ಲಿ ಬಂದು 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಚಿದಂಬರ ರಹಸ್ಯ'ದಲ್ಲಿ, ಏಲಕ್ಕಿಯ ಅವನತಿಯನ್ನೂ ವಿಜ್ಞಾನಿ ಜೋಗಿಹಾಳರ ಸಾವನ್ನೂ ತನಿಖೆ ಮಾಡಲು ಗುಪ್ತಚರ ಇಲಾಖೆಯ ಅಂಗಡಿ ಕೆಸರೂರಿಗೆ ಬರುತ್ತಾನೆ. ಊರಿನ ಒಬ್ಬೊಬ್ಬರಿಗೂ ಒಂದೊಂದು ಊಹೆ; ಊಹೆಗಳ ನಡುವೆ ಊರೇ ಬೆಂಕಿಗೆ ಸಿಲುಕುತ್ತದೆ. ಹೊರಗಿನಿಂದ ಬಂದ ಪತ್ತೇದಾರನಿಗೆ ಹಳ್ಳಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಷ್ಟು ನಗಿಸುತ್ತ ತೋರಿಸಿದ ಕೃತಿ ನಮ್ಮಲ್ಲಿ ಬೇರೆಯಿಲ್ಲ.

ತೆರೆಯ ಮೇಲೆ ಈ ಬಗೆಯ ಕಥೆಗೆ ಒಳ್ಳೆಯ ಬೆಳೆ ಬಂದಿದೆ. ಸದಾನಂದ ಸುವರ್ಣರ 'ಗುಡ್ಡದ ಭೂತ' ಧಾರಾವಾಹಿ 1990ರ ದಶಕದಲ್ಲಿ ದೂರದರ್ಶನದ ಮುಂದೆ ಊರನ್ನೆಲ್ಲ ಕೂಡಿಸಿತ್ತು. 2015ರ 'ರಂಗಿತರಂಗ' ಕರಾವಳಿಯ ಕಲ್ಪಿತ ಊರೊಂದರಲ್ಲಿ ಅದೇ ಎಳೆಯನ್ನು ಹಿಡಿಯಿತು: ಇದು ಭೂತದ ಕೆಲಸವೋ, ಭೂತದ ಹೆಸರಿನ ಮರೆಯಲ್ಲಿ ನಿಂತ ಮನುಷ್ಯನದೋ? ಸಿನಿಮಾದಲ್ಲಿ ಕತ್ತಲೆ, ವಾದ್ಯಗಳ ಅಬ್ಬರ ಸ್ವಲ್ಪ ಹೆಚ್ಚು. ನನಗಾದರೋ ನಿಜವಾದ ಭಯ ನಡುಹಗಲಿನ ಬಾವಿಕಟ್ಟೆಯಲ್ಲಿ ಕಾಣುತ್ತದೆ.

ಕ್ರಿಸ್ಟಿಯ 1950ರ 'ಎ ಮರ್ಡರ್ ಈಸ್ ಅನೌನ್ಸ್ಡ್' ಕಾದಂಬರಿಯಲ್ಲಿ ಮಿಸ್ ಮಾರ್ಪಲ್ ಯುದ್ಧಾನಂತರದ ಹಳ್ಳಿಯನ್ನು ನೋಡಿ ಚಿಂತಿಸುತ್ತಾಳೆ: ಹಿಂದೆ ಊರಿಗೆ ಬಂದವರು ಯಾರ ಕಡೆಯವರೆಂದು ಗೊತ್ತಿರುತ್ತಿತ್ತು, ಈಗ ಅವರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ನಂಬಬೇಕು, ಅಷ್ಟೆ. ಆ ಮಾತು ಈಗ ನಮ್ಮ ಹೆದ್ದಾರಿಯ ಬದಿಗೆ ಬಂದು ನಿಂತಿದೆ. ಮಕ್ಕಳು ಬೆಂಗಳೂರಿನ ಹೋಟೆಲು, ಬೇಕರಿ, ಕಂಪ್ಯೂಟರ್ ಕಚೇರಿಗಳಲ್ಲಿ. ತೆಕ್ಕಟ್ಟೆಯಿಂದ ಶಿರೂರಿನವರೆಗೆ ಎಷ್ಟೋ ಹಿರಿಯ ಮನೆಗಳಲ್ಲಿ ವೃದ್ಧರಿಬ್ಬರೇ, ಇಲ್ಲವೇ ಬೀಗ. ಗದ್ದೆ ಹಡಿಲು ಬಿದ್ದಲ್ಲಿ ಅಂಚಿನ ದಾರಿಯೂ ಹುಲ್ಲಿನಲ್ಲಿ ಮುಚ್ಚಿಹೋಗಿದೆ. ಹೆಬ್ಬಾಗಿಲ ಮೇಲೊಂದು ಕ್ಯಾಮರಾ. ಅಂಗಳಕ್ಕೆ ಬಂದವರನ್ನು ದೂರದ ಮಗ ಮೊಬೈಲಿನಲ್ಲಿ ನೋಡುತ್ತಾನೆ. ಬಂದವರು ಯಾರ ಮನೆಯವರೆಂದು ಅವನಿಗೆ ತಿಳಿಯದು. ಯಾರು ಅಂಗಳಕ್ಕೆ ಬರುವುದನ್ನು ಬಿಟ್ಟು ಸುತ್ತುದಾರಿ ಹಿಡಿದರೆಂಬುದಂತೂ ಆ ಯಂತ್ರಕ್ಕೆ ಕಾಣುವುದೇ ಇಲ್ಲ.

ಇಂಥ ಊರಿನಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಯೊಂದನ್ನು ನಮ್ಮ ಕಡೆಯ ತರುಣರು ಯಾರಾದರೂ ಬರೆಯಬೇಕೆಂದು ನನ್ನ ಬಯಕೆ. ಮಾತುಕತೆ ಕುಂದಾಪುರದ ಕನ್ನಡದಲ್ಲೇ ಇರಲಿ, 'ಅಂಬ್ರ್' ಇಲ್ಲದೆ ಆ ತನಿಖೆ ಒಂದು ಹೆಜ್ಜೆಯೂ ಮುಂದೆ ಹೋಗದು. ಪತ್ತೇದಾರಳು ಬೀಗ ಹಾಕಿದ ಮನೆಗಳ ನಡುವೆ ಉಳಿದುಕೊಂಡಿರುವ, ಇನ್ನೂ ಜಗಲಿಯಲ್ಲಿ ಕುಳಿತು ದಾರಿ ನೋಡುವ ಒಬ್ಬ ಅಜ್ಜಿಯಾಗಿರಲಿ. ಕೊನೆಯ ಅಧ್ಯಾಯದಲ್ಲಿ ಅವಳು ಹೆಸರು ಹೇಳುತ್ತಾಳೋ, ಅಡಕೆಯತ್ತ ತಿರುಗುತ್ತಾಳೋ ಎಂಬುದನ್ನು ಬರೆಯುವವರೇ ನಿರ್ಧರಿಸಲಿ.